ಬಿಸ್ಕೀಟಲ್ಲ, ನಾನಖಟಾಯಿ

ಆಳಂದ
೯ ಡಿಸೆಂಬರ್ ೧೯೪೧, ಮಂಗಳವಾರ

ಮಣ್ಣೂರಿನಲ್ಲಿರುವ ನಮ್ಮ ಮನೆಯವರಿಗೆ ಭಾಗಮ್ಮ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರೆಂದು ನಿಮ್ಮ ಕಾಗದ ನೋಡಿಯೇ ತಿಳಿಯಿತು. ಎರಡು ವರ್ಷ ಒಂದಕ್ಷರ ಬರೆಯದವರು ಈಗ ಎರಡು ಪುಟ ಬರೆದಿದ್ದೀರಿ. "ಬಿಸ್ಕೀಟಿನ ಸಲುವಾಗಿ ಇಷ್ಟು ಹಟ ಬ್ಯಾಡ, ತುಪ್ಪ ನಾನೇ ಕದ್ದೇನಿ ಅಂತ ಗೌಡರ ಕಾಲಿಗಿ ಬೀಳು, ಮನಿಗಿ ಕರ್ಕೊಂತೇನಿ" ಎಂದಿದ್ದೀರಿ. ಮೊದಲನೆಯದಾಗಿ ಅದು ಬಿಸ್ಕೀಟಲ್ಲ, ನಾನಖಟಾಯಿ. ಹನ್ನೆರಡು ವರ್ಷ ಗೌಡರ ವಾಡೆಯಲ್ಲಿ ದುಡಿದಿರಿ, ಅಲ್ಲಿಯ ಮದುವೆಗಳಲ್ಲಿ ಎರಡನ್ನೂ ತಿಂದಿರಿ. ಇಷ್ಟಾದರೂ ಫರಕು ತಿಳಿಯಲಿಲ್ಲವಲ್ಲ!

ಕೇಳಿರಿ. ಎರಡೂ ದುಂಡಗಿರುತ್ತವೆ, ಎರಡೂ ಅಂಗೈಯಲ್ಲಿ ಅಡಗುತ್ತವೆ. ಬಿಸ್ಕೀಟಿನ ಹಿಟ್ಟಿಗೆ ಹಾಲು ಇಲ್ಲವೇ ನೀರು ಬೇಕು. ಅದನ್ನು ನಾದಿ, ಲಟ್ಟಿಸಿ, ಕತ್ತರಿಸುತ್ತೇವೆ. ಮುರಿದರೆ ಟಕ್ಕೆನ್ನುತ್ತದೆ. ನಾನಖಟಾಯಿಗೆ ಒಂದು ಹನಿ ನೀರೂ ತಾಕಬಾರದು. ತುಪ್ಪ, ಸಕ್ಕರೆ ಎರಡನ್ನೂ ಬೆಳ್ಳಗಾಗುವ ತನಕ ಅಂಗೈಯಿಂದ ತಿಕ್ಕಬೇಕು. ಮೈದಾ ಬೆರೆಸಿದ ಮೇಲೆ ನಾದಬಾರದು, ಉಂಡೆ ಕಟ್ಟಿ ನಡುವೆ ಹೆಬ್ಬೆರಳೊತ್ತಿ ತಗಡಿನ ಮೇಲಿಡಬೇಕು. ಬಾಯಲ್ಲಿಟ್ಟರೆ ಹಲ್ಲಿಗೆ ಕೆಲಸವೇ ಇಲ್ಲ. ಇದು ಕೈಗೆ ಹತ್ತಲು ಇಲ್ಲಿ ಖಾದರಸಾಬರ ಬಿಸ್ಕೀಟಿನ ಭಟ್ಟಿಯಲ್ಲಿ ನನಗೆ ಒಂದು ವರ್ಷ ಹಿಡಿಯಿತು. ನಿಮ್ಮ ಏಟು ತಾಳದೆ ಬಿಟ್ಟು ಬಂದವಳ ಹೊಟ್ಟೆ ತುಂಬಿಸಿದ ಕೆಲಸವಿದು.

ಗೌಡರ ಮಗಳ ಮದುವೆಗೆಂದು ವಾಡೆಯಿಂದ ಮೈದಾ, ಸಕ್ಕರೆ, ತುಪ್ಪದ ಡಬ್ಬಿ ಬಂದವು. ಗಾಡಿ ಹೊಡೆದು ತಂದವರು ನೀವು. ದೊಡ್ಡವರು ತಮ್ಮ ಸಾಮಾನು ತಾವೇ ಕಳಿಸುತ್ತಾರೆ, ನಾವು ಬೇಯಿಸಿ ಕೊಡುತ್ತೇವೆ. ಮೊದಲ ಮೂರು ತಗಡು ಹೂವಿನಂತೆ ಬಂದವು. ಕೊನೆಯ ಮೂರು ಕಲ್ಲಾದವು. ಭಟ್ಟಿಯ ಕಾವಿಗೆ ಡಬ್ಬಿಯ ತುಪ್ಪ ಕರಗಿತ್ತು, ತಳದಲ್ಲಿ ನೀರಿದ್ದದ್ದು ಕಾಣಲಿಲ್ಲ. ಹಿಟ್ಟು ಅಂಟಿದಾಗಲಾದರೂ ಎಚ್ಚರಾಗಬೇಕಿತ್ತು, ಎರಡು ಮುಟಗಿ ಮೈದಾ ಹಾಕಿ ಮುಂದುವರಿಸಿದೆ. ಅದು ನನ್ನ ತಪ್ಪು. ಅಷ್ಟೇ ನನ್ನ ತಪ್ಪು.

ಮೊನ್ನೆ ಗೌಡರ ಕಾರಭಾರಿ ಅಣ್ಣಾರಾಯರು ಬಂದರು. "ಖಂಡಪ್ಪನ ಹೇಣ್ತಿ ಅಂತ ಮರ್ಯಾದಿಲೆ ಕೇಳಾಕತ್ತೇನಿ. ತುಪ್ಪ ತಗೊಂಡು ನೀರ ಹಾಕೀದಿ ಹೌದಿಲ್ಲೋ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಳ್ಳೆಯದೊಂದು, ಕಲ್ಲಾದದ್ದೊಂದು ಅವರ ಕೈಗಿಟ್ಟು ಮುರಿಯಿರಿ ಎಂದೆ. ಒಂದು ಪುಡಿಯಾಯಿತು, ಇನ್ನೊಂದು ಟಕ್ಕೆಂದಿತು. "ನಾ ಕದಿಯಾಕಿ ಆಗಿದ್ರ ತುಪ್ಪದ ಜೋಡಿ ಮೈದಾನೂ ಅಷ್ಟೇ ತೆಗಿತಿದ್ದೆರಿ. ಎಣಿಕಿ ಕಡಿಮಿ ಆಗ್ತಿತ್ತು, ಕಲ್ಲ ಆಗ್ತಿರಲಿಲ್ಲ. ನೀರ ಹಾಕಿದವರಿಗೆ ನಾನಖಟಾಯಿ ಯಾವುದು, ಬಿಸ್ಕೀಟ ಯಾವುದು ಗೊತ್ತೇ ಇಲ್ಲರಿ" ಎಂದೆ. ಕಟ್ಟೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು.

ಅಣ್ಣಾರಾಯರು ಕೈಯ ಪುಡಿ ಕೊಡವಿಕೊಂಡು ಹೊರಟರು. ಸೋಮವಾರ ಮತ್ತೆ ಬರುತ್ತಾರಂತೆ. ಅಷ್ಟರಲ್ಲಿ ನಾನು ಕಳವು ಒಪ್ಪಿಕೊಳ್ಳಬೇಕು, ಇಲ್ಲವೇ ಖಾದರಸಾಬರು ನನ್ನನ್ನು ತೆಗೆದುಹಾಕಬೇಕು. ಎರಡೂ ಆಗದಿದ್ದರೆ ಯಾವ ವಾಡೆಯ ಮದುವೆ ಕೆಲಸವೂ ಈ ಭಟ್ಟಿಗೆ ಬಾರದ ಹಾಗೆ ಮಾಡುತ್ತಾರಂತೆ. ಖಾದರಸಾಬರು, "ಬರ್ರಿ ಸೋಮವಾರ, ಅಕಿ ಇಲ್ಲೇ ಇರ್ತಾಳ" ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಅಳು ಬಂತು.

ಆದರೂ ಒಪ್ಪಿಕೊಳ್ಳುವುದಿಲ್ಲ. ಯಾರ ಕಾಲಿಗೂ ಬೀಳುವುದಿಲ್ಲ. ಮನೆಗೆ ಕರೆದುಕೊಳ್ಳುತ್ತೇನೆ ಎಂದು ದೊಡ್ಡ ಮನಸ್ಸು ಮಾಡಿದ್ದೀರಿ, ಅದನ್ನು ನೀವೇ ಇಟ್ಟುಕೊಳ್ಳಿರಿ. ಕಳ್ಳಿ ಎನ್ನಿಸಿಕೊಂಡು ನಾನು ಯಾವ ಹೊಸ್ತಿಲೂ ದಾಟುವವಳಲ್ಲ.

ಖಾದರಸಾಬರ ಭಟ್ಟಿಯಿಂದ, ಇನ್ನೂ ಅಲ್ಲೇ ಇರುವ,
ಭಾಗಮ್ಮ

ತಾ.ಕ.: ಡಬ್ಬಿಯ ಬಾಯಿಗೆ ಕಟ್ಟಿದ ಬಟ್ಟೆ ವಾಡೆಯಲ್ಲಿ ಕಟ್ಟಿದ ಹಾಗೇ ಇತ್ತೇನು ಎಂದು ಅಣ್ಣಾರಾಯರು ಕೇಳಿದ್ದರು. ಹೌದ್ರಿ ಎಂದೆ. ಇರಲಿಲ್ಲ. ಒಂದರ ಮೇಲೊಂದು ಮೂರು ಗಂಟು, ನೀವು ಕಟ್ಟುವ ಹಾಗೆ. ಏಳು ವರ್ಷ ನಿಮ್ಮ ಬುತ್ತಿಯ ಬಟ್ಟೆ ಬಿಚ್ಚಿದವಳಿಗೆ ಅದು ತಿಳಿಯದೇ? ದಾರಿಯಲ್ಲಿ ನಾಲ್ಕು ಬೆರಳು ನೆಕ್ಕಿರಬೇಕು ಬಿಡು ಎಂದು ಅಂದು ಸುಮ್ಮನಾಗಿದ್ದೆ. ಅವರೆದುರು ನಾನಾಡಿದ ಸುಳ್ಳು ಅದೊಂದೇ. ಸೋಮವಾರದೊಳಗೆ ನೀವೇ ಹೋಗಿ ಗೌಡರಿಗೆ ಹೇಳಿರಿ. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ಮದುವೆಯಾದಂದಿನಿಂದ ತಂದಿಲ್ಲ. ಸೋಮವಾರ ತರುತ್ತೇನೆ.