ಕೆಂಪಾದದ್ದನ್ನೇ ಕೊಳ್ಳುವವರು

ಅರಸೀಕೆರೆ
ಜೂನ್ ೯, ಸೋಮವಾರ

ಪ್ರೀತಿಯ ಶಿಲ್ಪಶ್ರೀ,

ನೀನು ಕ್ಷೇಮವಾಗಿದ್ದೀಯೆಂಬುದನ್ನು ಕಳೆದ ಗುರುವಾರ ಹಳೇಬೀಡಿಗೆ ಬಂದು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಆ ಸಾಲನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಫೋನಿನಲ್ಲಿ ನನಗೆ ‘ಹ್ಞೂಂ’, ‘ಆಯ್ತು’, ‘ಇಡ್ಲಾ?’ ಇಷ್ಟೇ ಬರುವುದು. ಹಾಸ್ಟೆಲ್ಲಿನಲ್ಲಿ ನನ್ನ ಪರವಾಗಿ ಮೆಸ್ಸಿನವರ ಹತ್ತಿರ ಜಗಳ ಕಾಯುತ್ತಿದ್ದವಳು ನೀನು, ನಿನಗೆ ಗೊತ್ತಿಲ್ಲದ್ದಲ್ಲ.

ಅವತ್ತು ನೀನು ಯಾಕೆ ಬಂದೆಯೆಂದು ಕೇಳಿದಾಗ, ಹುಲಿಕೆರೆಯ ಕೊಳ ನೋಡಬೇಕಿತ್ತು, ಪಿಎಚ್.ಡಿ. ಕೋರ್ಸ್‌ವರ್ಕಿಗೆ ಏನೋ ಬರೆಯುವುದಿದೆ ಎಂದೆ. ಅದು ಸುಳ್ಳು. ನಾನು ಬಂದದ್ದು ನಿನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗುವುದಕ್ಕೆ. ನಗಬೇಡ. ನೀನು ಆ ಮನೆಯಲ್ಲಿ ಬಹಳ ದುಃಖದಲ್ಲಿದ್ದೀಯ, ಯಾರಿಗೂ ಹೇಳಿಕೊಳ್ಳಲಾರದೆ ನನಗೊಬ್ಬಳಿಗೆ ಸೂಚನೆ ಕೊಡುತ್ತಿದ್ದೀಯ ಎಂದು ಬೇಸಿಗೆಯಿಡೀ ನಂಬಿಕೊಂಡಿದ್ದೆ. ಹೇಗೆ ನಂಬಿದೆ ಎಂಬುದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ನೀನು ‘ಸಿನಿಪೇಟೆ’ಯನ್ನು ಮರೆತಿದ್ದೀಯ, ಅದು ಗುರುವಾರವೇ ಗೊತ್ತಾಯಿತು. ಎಂ.ಎ. ಎರಡನೆಯ ವರ್ಷದಲ್ಲಿ ನಾವಿಬ್ಬರೂ ಮೊಬೈಲಿನಲ್ಲಿ ಒಂದೇ ಖಾತೆ ತೆರೆದು ಆಡುತ್ತಿದ್ದ ಆಟ. ನಿಜವಾದ ದುಡ್ಡಿಲ್ಲ, ಬರೀ ಅಂಕಗಳು. ಬಿಡುಗಡೆಯಾಗಲಿರುವ ಸಿನಿಮಾಗಳ ಪಾಲು ಕೊಳ್ಳುವುದು, ಮಾರುವುದು. ಜನ ಮುಗಿಬಿದ್ದರೆ ಬೆಲೆ ಏರಿ ಹಸಿರಾಗುತ್ತದೆ, ಮೂಗು ಮುರಿದರೆ ಇಳಿದು ಕೆಂಪಾಗುತ್ತದೆ. ಯಾರು ಏನು ಕೊಂಡರು, ಏನು ಮಾರಿದರು ಎಂಬುದು ಅವರವರ ಹೆಸರಿನ ಜೊತೆ ಇಬ್ಬರಿಗೂ ಕಾಣುತ್ತದೆ. ನೀನು ಗಟ್ಟಿಗಿತ್ತಿ. ಏರುವುದನ್ನು ಮಾತ್ರ ಕೊಂಡು, ಶುಕ್ರವಾರ ಮೊದಲ ಆಟ ಬಿಡುವುದರೊಳಗೆ ಮಾರಿಬಿಡುತ್ತಿದ್ದೆ. “ಸಿನ್ಮಾನ ಪ್ರೀತಿಸ್ಬಾರದು ಕಣೇ, ಮಾರ್ಬೇಕು” ಎಂದು ನನ್ನ ತಲೆಗೆ ಮೊಟಕುತ್ತಿದ್ದೆ.

ಮದುವೆಯಾಗಿ ನೀನು ಹಳೇಬೀಡಿಗೆ ಹೋದೆ. ಇಬ್ಬರೂ ಸೇರಬೇಕೆಂದಿದ್ದ ಪಿಎಚ್.ಡಿ.ಗೆ ನಾನೊಬ್ಬಳೇ ಸೇರಿದೆ. ಏಪ್ರಿಲ್ ಕೊನೆಗೆ ಹಾಸ್ಟೆಲ್ ಖಾಲಿಯಾಯಿತು. ಕೋರ್ಸ್‌ವರ್ಕಿನವರಲ್ಲಿ ಹೆಚ್ಚಿನವರು ಮನೆಯಿಂದಲೇ ಬಂದು ಹೋಗುತ್ತಾರೆ, ಹಾಗಾಗಿ ಮೆಸ್ಸಿನಲ್ಲಿ ಒಂದು ಮೇಜನ್ನು ಮಾತ್ರ ಒರೆಸುತ್ತಿದ್ದರು. ಬೆಳಿಗ್ಗೆ ಸಂಶೋಧನಾ ವಿಧಾನದ ತರಗತಿ. ಅಡಿಟಿಪ್ಪಣಿಯಲ್ಲಿ ಊರು ಮೊದಲೋ ವರ್ಷ ಮೊದಲೋ ಎಂದು ಬರೆದುಕೊಂಡು ಬಂದರೆ ಮಧ್ಯಾಹ್ನವೆಲ್ಲ ಫ್ಯಾನಿನ ಸದ್ದು. ಸಂಜೆ ಅಂಗಡಿಯಲ್ಲಿ ‘ಒಂದು ಬ್ರೆಡ್ಡು’ ಎನ್ನಲು ಹೋದರೆ ದನಿ ಹೊರಡದೆ ಕೆಮ್ಮಬೇಕಾಗುತ್ತಿತ್ತು. ಅವತ್ತಿನ ಮೊದಲ ಮಾತು ಅದೇ ಎಂದು ಆಗ ಹೊಳೆಯುತ್ತಿತ್ತು.

ಅಂಥ ಮಧ್ಯಾಹ್ನಗಳಲ್ಲಿ ನಿನ್ನ ಹೆಸರು ಮೂಡುತ್ತಿತ್ತು: ಶಿಲ್ಪಶ್ರೀ ಕೊಂಡಿದ್ದಾರೆ. ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ? ಆದರೆ ನೀನು ಕೊಳ್ಳುತ್ತಿದ್ದುದೆಲ್ಲ ಬಿದ್ದುಹೋದ ಸಿನಿಮಾಗಳು. ಯಾರೂ ಮುಟ್ಟದ ಕೆಂಪು ಹೆಸರುಗಳು. ಕೈ ತಪ್ಪಿ ಒತ್ತಿರಬೇಕೆಂದು ನಾನು ಅವನ್ನು ಮಾರಿದೆ. ಮಾರನೆಯ ದಿನ ಅದೇ ಹೊತ್ತಿಗೆ ನೀನು ಮತ್ತೆ ಅವನ್ನೇ ಕೊಂಡೆ. ನಾನು ಮತ್ತೆ ಮಾರಿದೆ, ನೀನು ಮತ್ತೆ ಕೊಂಡೆ. ಆಮೇಲೆ ನಾನು ಮಾರುವುದನ್ನು ನಿಲ್ಲಿಸಿದೆ.

ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದನ್ನು ಓದಿ ಎಂದು ಎರಡು ವರ್ಷ ನಮಗೆ ಪಾಠ ಹೇಳಿದ್ದಾರಲ್ಲ, ನಾನು ಹಾಗೇ ಓದಿದೆ. ಬಿದ್ದದ್ದನ್ನು ಬಿಡಬೇಡ ಎನ್ನುತ್ತಿದ್ದಾಳೆ. ಯಾರಿಗೂ ಬೇಡವಾದದ್ದರ ಜೊತೆ ತನ್ನನ್ನು ಸೇರಿಸಿಕೊಂಡಿದ್ದಾಳೆ. ಮನೆಯವರೆಲ್ಲ ಊಟ ಮಾಡಿ ಮಲಗಿದಾಗ ಒಬ್ಬಳೇ ಎಚ್ಚರವಾಗಿದ್ದು ಇದನ್ನು ಒತ್ತುತ್ತಿದ್ದಾಳೆ. ನಾನು ಮೆಸೇಜು ಮಾಡಿದರೆ ನೀನು “ಚೆನ್ನಾಗಿದೀನಿ ಕಣೇ, ಸ್ವಲ್ಪ ಬ್ಯುಸಿ” ಎಂದು ಉತ್ತರಿಸುತ್ತಿದ್ದೆ. ಆ ‘ಚೆನ್ನಾಗಿದೀನಿ’ಯನ್ನು ನಾನು ನಂಬಲಿಲ್ಲ. ಚೆನ್ನಾಗಿರುವವರು ಅಂಥ ಸಿನಿಮಾ ಕೊಳ್ಳುತ್ತಾರೆಯೇ?

ಜೂನ್ ಮೊದಲನೆಯ ತಾರೀಕು ಮನೆಗೆ ಬಂದೆ. ಇಲ್ಲಿ ಎಲ್ಲ ಮೊದಲಿನಂತೆಯೇ. ಅಪ್ಪ ಪೇಟೆಯಲ್ಲಿ ಅದೇ ಹಗ್ಗದ ಅಂಗಡಿ ನಡೆಸುತ್ತಾರೆ. ನಾನು ಊಟದ ಕ್ಯಾರಿಯರ್ ತೆಗೆದುಕೊಂಡು ಹೋದರೆ ಗಿರಾಕಿಗಳಿಗೆ, “ನಮ್ಮ ಮಗಳು, ಡಾಕ್ಟ್ರಾಗ್ತಾಳೆ. ಸೂಜಿ ಚುಚ್ಚೋ ಡಾಕ್ಟ್ರಲ್ಲ” ಎಂದು ಪರಿಚಯಿಸುತ್ತಾರೆ. ಗಂಡಸಿ ಊರಿನಿಂದ ಬಂದಿದ್ದ ಒಬ್ಬರು, “ಮತ್ತೇನ್ ಏಕಾಂತಯ್ಯೋರೆ, ಪುಸ್ತಕಕ್ಕೆ ಜ್ವರ ಬಂದ್ರೆ ಮಾತ್ರೆ ಕೊಡ್ತಾರಾ?” ಎಂದು ಕೇಳಿದರು. ಅಪ್ಪ ಅಂಗಡಿ ಅದುರುವ ಹಾಗೆ ನಕ್ಕರು. ನಾನು ಹಗ್ಗದ ಸುರುಳಿಗಳನ್ನು ನೋಡುತ್ತ ನಿಂತೆ. ಅಮ್ಮನದು ಬೇರೆ ದೂರು. “ಮನೆಗೆ ಬಂದೂ ಗೋಡೆ ನೋಡ್ಕೊಂಡು ಕೂರ್ತೀಯಲ್ಲೇ. ಮಾತಾಡಿದ್ರೆ ನಾಲಿಗೆ ಸವೆಯುತ್ತಾ?” ಅನ್ನುತ್ತಾಳೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಏನಾದರೂ ಹೇಳಬೇಕೆಂದುಕೊಳ್ಳುತ್ತೇನೆ. ಅಷ್ಟರಲ್ಲಿ ಒಗ್ಗರಣೆ ಸಿಡಿಯುತ್ತದೆ.

ಗುರುವಾರ ಓದಿನ ಕೆಲಸವೆಂದು ಹೇಳಿ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಇಳಿದರೆ ಎದುರಿಗೇ ನಿನ್ನ ಯಜಮಾನರ ಬೀಜಗೊಬ್ಬರದ ಅಂಗಡಿ. ಬೋರ್ಡಿನ ಮೇಲೆ ಮಧುಕುಮಾರ್ ಎಂಬ ಹೆಸರು ನೋಡಿದ್ದೇ ತಡ, ಧೈರ್ಯ ಎಲ್ಲಿ ಹೋಯಿತೋ. ಆಟೋ ಹಿಡಿದು ಹುಲಿಕೆರೆಗೆ ಹೋಗಿ ಕೊಳದ ಮೆಟ್ಟಿಲ ಮೇಲೆ ಕೂತೆ. ಸುತ್ತಲೂ ಪುಟ್ಟಪುಟ್ಟ ಗುಡಿಗಳು, ಒಂದರೊಳಗೂ ದೇವರಿಲ್ಲ. ಕೆಳಗೆ ಪಾಚಿಗಟ್ಟಿದ ನೀರು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಗಟ್ಟಿಯಾಗಿ ಹೇಳಿ ನೋಡಿದೆ: “ಶಿಲ್ಪಾ, ಹೊರಡು. ನಾನಿದೀನಿ.” ಕಲ್ಲುಗಳ ನಡುವೆ ನನ್ನ ದನಿ ದೊಡ್ಡದಾಗಿ ಕೇಳಿಸಿ ನಾನೇ ಬೆಚ್ಚಿದೆ. ಆದರೂ ಬಾಯಿಗೆ ಕೂರುವವರೆಗೆ ಹೇಳಿದೆ. ನಿನ್ನ ಅತ್ತೆ ಅಡ್ಡ ಬಂದರೆ ಅವರಿಗೆ ಏನನ್ನಬೇಕು ಎಂಬುದನ್ನೂ ಹೇಳಿ ನೋಡಿಕೊಂಡೆ.

ಅಲ್ಲಿಂದ ನಿಮ್ಮ ಮನೆಗೆ ಬಂದಾಗ ನಿನ್ನ ಅತ್ತೆ ದೇವೀರಮ್ಮನವರು ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತ ಕೂತಿದ್ದರು. ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಫೋನು. ಮೂಲೆ ಒಡೆದ ಅದರ ಗಾಜನ್ನು ನೋಡಿದ ಕೂಡಲೇ ನಿನ್ನದೆಂದು ಗುರುತು ಸಿಕ್ಕಿತು.

“ಯಾರವ್ವಾ?” ಎಂದರು.

ಶಿಲ್ಪಶ್ರೀಯ ಸ್ನೇಹಿತೆ, ಅರಸೀಕೆರೆಯವಳು ಎಂದೆ.

“ಅವ್ಳು ಬೇಲೂರ್ಗೋಗವ್ಳೆ, ಕಾಲೇಜ್ಗೆ. ಪಾಠ ಮಾಡಾಕೆ ಸೇರ್ಕಂಡು ಒಂದ್ ವಾರಾತು. ಸಂಜೆ ಬಸ್ಸಿಗ್ ಬತ್ತಾಳೆ. ಬಾ, ಕುಂತ್ಕ. ಏನ್ ಹೆಸ್ರು?”

“ನಯನಾ.”

ಮೊರ ಕೆಳಗಿಟ್ಟರು. “ನೀನೇನಾ ಆ ನಯನ! ನಾನ್ ತಗಂಡಿದ್ದನ್ನೆಲ್ಲ ಮಾರಿ ಮಾರಿ ಹಾಕ್ತಿದ್ಯಲ್ಲೇ ತಾಯಿ! ಏನ್ ಹೊಟ್ಟೆ ಉರಿಸ್ದೆ ನೀನು!”

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ತಿಳಿಯಿತು. ನೀನು ಹೊಸ ಫೋನು ತೆಗೆದುಕೊಂಡು ಹಳೆಯದನ್ನು ಧಾರಾವಾಹಿ ನೋಡಲು ಅವರಿಗೆ ಕೊಟ್ಟೆಯಂತೆ. ಅದರೊಳಗೆ ಈ ಆಟ ಇತ್ತು. “ಟಿಂಗ್ ಅಂತಿತ್ತು, ಒತ್ತಿದೆ” ಎಂದರು. ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಪುರುಸೊತ್ತು. ಅಲ್ಲಿಂದ ಶುರುವಾದದ್ದು.

ಕೆಂಪಾಗಿರುವುದನ್ನೇ ಯಾಕೆ ಕೊಳ್ಳುತ್ತಿದ್ದಿರಿ ಎಂದು ಕೇಳಿದೆ.

“ಇನ್ನೇನ್ ಹಸ್ರಾಗಿರೋದ್ ತಗಳಾದಾ?” ಎಂದು ನನ್ನನ್ನೇ ಮರುಕದಿಂದ ನೋಡಿದರು. “ಮೆಣಸಿನ್ಕಾಯಿ, ಟಮಾಟ ಬೆಳಿಯೋರು ನಾವು. ಹಸ್ರಾಗೈತೆ ಅಂದ್ರೆ ಇನ್ನಾ ಎಳೇದು. ಕೆಂಪಗಾದ್ರೆ ಬಲ್ತೈತೆ, ಹಣ್ಣಾಗೈತೆ ಅಂತ. ನೀನೋ, ಹಣ್ಣೆಲ್ಲಾ ಮಾರಿ ಹೀಚು ತಗಂತಿದ್ದೆ. ಯಾರಪ್ಪಾ ಇವ್ಳು, ಹೊಲದ್ ಮುಖ ಕಾಣ್ದೋಳು ಅಂದ್ಕತಿದ್ದೆ. ಆಮ್ಯಾಕೆ ಮಾರಾದ್ ಬಿಟ್ಟೆ ನೋಡು, ಆಗ ಅಂದ್ಕಂಡೆ, ಹುಡ್ಗಿಗೆ ಬುದ್ಧಿ ಬಂತು.”

ನಾನು ನಕ್ಕೆ. ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕದ್ದರಿಂದಲೋ ಏನೋ, ಕಣ್ಣಲ್ಲಿ ನೀರು ಬಂತು. ಅವರು ಒಳಗೆ ಹೋಗಿ ನೀರುಮಜ್ಜಿಗೆ ತಂದುಕೊಟ್ಟರು. ಶಿಲ್ಪಾ ಹೇಗಿದ್ದಾಳೆ ಎಂದು ಕೇಳಿದೆ. “ಅವ್ಳಿಗೇನವ್ವಾ, ಚೆಂದಾಗವ್ಳೆ. ಬಾಯ್ ಮುಚ್ಚಿದ್ರೆ ತಾನೆ. ನನ್ ಮಗನ್ನೇ ಪಾಠ ಮಾಡಿ ಕೂರಿಸ್ತಾಳೆ” ಎಂದರು, ಹೆಮ್ಮೆಯಿಂದಲೇ.

ಶಿಲ್ಪಾ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಮಾತು ಕೇಳಿ ನನಗೆ ಮೊದಲು ಆದದ್ದು ಸಂತೋಷವಲ್ಲ, ನಿರಾಸೆ. ನೀನು ಅಳುತ್ತಿರಬೇಕಿತ್ತು, ನಾನು ಬಂದು ಕರೆಯಬೇಕಿತ್ತು. ಅದಕ್ಕಾಗಿ ಒಂದು ಬೇಸಿಗೆಯಿಡೀ ತಯಾರಾಗಿದ್ದೆ.

ಸಂಜೆ ಬಸ್ಸಿನಿಂದ ಇಳಿದು ನೀನು ಇಬ್ಬರು ವಿದ್ಯಾರ್ಥಿನಿಯರ ಜೊತೆ ಮಾತಾಡುತ್ತ ಬಂದದ್ದನ್ನು ಜಗಲಿಯಿಂದಲೇ ನೋಡಿದೆ. ನೀನು ನನ್ನನ್ನು ನೋಡುವ ಮೊದಲು ಸ್ವಲ್ಪ ಹೊತ್ತು ನಿನ್ನನ್ನು ನೋಡಲು ಸಿಕ್ಕಿತು. ನಡಿಗೆ ಬದಲಾಗಿದೆ, ನಿಧಾನವಾಗಿದೆ. ಸೀರೆಯ ಅಂಚಿಗೆಲ್ಲ ಸೀಮೆಸುಣ್ಣ. “ಏನೇ ಮೂದೇವಿ, ಹೇಳ್ದೇ ಕೇಳ್ದೇ ಬಂದಿದೀಯಾ!” ಎಂದು ಬಂದು ತಬ್ಬಿಕೊಂಡೆ. ನಿನ್ನ ಅತ್ತೆ ಸಿನಿಪೇಟೆಯ ಕಥೆ ಹೇಳಿದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕು, “ಅಯ್ಯೋ, ಅದನ್ನ ಇನ್ನೂ ಆಡ್ತಿದೀಯೇನೇ? ನಾನ್ ಯಾವಾಗ್ಲೋ ಬಿಟ್ಟೆ” ಎಂದೆ. ಅದರಲ್ಲಿ ತಪ್ಪೇನೂ ಇಲ್ಲ. ನಾನು ಅದನ್ನು ಬಸ್ಸಿನಲ್ಲಿ ಬಹಳ ಸಲ ಮತ್ತೆ ಮತ್ತೆ ಕೇಳಿಸಿಕೊಂಡೆ, ಅಷ್ಟೆ.

ಆಮೇಲೆ ನೀನು, “ಕೋರ್ಸ್‌ವರ್ಕ್ ಸೆಮಿನಾರ್ ಹೇಗಾಯ್ತೇ? ನಿಂತ್ಕೊಂಡು ಮಾತಾಡಿದ್ಯಾ?” ಎಂದು ಕೇಳಿದೆ. ಆಯಿತು, ಚೆನ್ನಾಗಾಯಿತು ಎಂದೆ ನಾನು. ನೀನು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ. ಅಷ್ಟರಲ್ಲಿ ನಿನ್ನ ಯಜಮಾನರು ಮೆಣಸಿನಕಾಯಿ ಬೋಂಡಾ ಕಟ್ಟಿಸಿಕೊಂಡು ಬಂದರು. “ನಿನ್ ಫ್ರೆಂಡು ಮಾತೇ ಆಡಲ್ವಲ್ಲ” ಎಂದರು. “ಅವ್ಳು ಮಾತಾಡಲ್ಲ ರೀ, ಬರೀತಾಳೆ” ಎಂದೆ ನೀನು. ಬೇರೇನೂ ಯೋಚಿಸದೆ ಅಂದಿರಬಹುದು. ಆದರೆ ಈ ಕಾಗದ ಬರೆಯಲು ಕೂತದ್ದು ಆ ಮಾತಿನಿಂದಲೇ.

ನಿನ್ನ ಅತ್ತೆಗೆ ಕೆಂಪೆಂದರೆ ಇಳಿಕೆಯೆಂದು ನಾನು ಹೇಳಲಿಲ್ಲ. ನೀನೂ ಹೇಳಬೇಡ. ನಮ್ಮ ಖಾತೆ ಈಗ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದೆ, ಇರಲಿ. ನಿನ್ನ ಹೆಸರಿನಲ್ಲಿ ಅವರು ಬರುತ್ತಾರೆಂದು ಗೊತ್ತಿದ್ದೂ ಮಧ್ಯಾಹ್ನ ಫೋನು ನೋಡುತ್ತೇನೆ. ನೀನು ಮಾತ್ರ ನನ್ನಿಂದಾಗಿ ಮತ್ತೆ ಆಡಬೇಕೆಂದೇನೂ ಇಲ್ಲ. ನಿನ್ನ ಪಾಠ, ನಿನ್ನ ಹುಡುಗಿಯರು, ಬೇಲೂರಿನ ಬಸ್ಸು, ಎಲ್ಲ ನೋಡಿದ ಮೇಲೆ ಇದು ನಿನಗೆ ಒಪ್ಪುವ ಬದುಕು ಎನ್ನಿಸಿದೆ. ಕಷ್ಟಪಟ್ಟು ಬರೆಯುತ್ತಿಲ್ಲ, ನಿಜವಾಗಿಯೇ ಎನ್ನಿಸಿದೆ.

ದೇವೀರಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಬೋಂಡಾದ ಖಾರ ಜಾವಗಲ್ ದಾಟುವವರೆಗೂ ಬಾಯಲ್ಲಿತ್ತೆಂದು ನಿನ್ನ ಯಜಮಾನರಿಗೆ ಹೇಳು.

ಇಷ್ಟೇ ಹೇಳಬೇಕಿತ್ತು ಎಂದುಕೊಂಡು ಮುಗಿಸುವ,

ನಿನ್ನ
ನಯನಾ

ಮರೆತ ಮಾತು: ಮರೆತದ್ದಲ್ಲ. ಮೇಲೆ ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ, ಸಹಿ ಹಾಕಿದ ಮೇಲೆ ಕೈ ಬಂತು. ಸೆಮಿನಾರ್ ಆಗಲಿಲ್ಲ ಶಿಲ್ಪಾ. ಬರೆದ ಹಾಳೆಗಳನ್ನು ಹಿಡಿದು ವಿಭಾಗದ ಬಾಗಿಲವರೆಗೆ ಹೋದೆ. ಒಳಗೆ ಕುರ್ಚಿಗಳನ್ನು ಎಳೆಯುವ ಸದ್ದು. ಮೇಷ್ಟ್ರು ನನ್ನ ಹೆಸರು ಕರೆದರು, ಎರಡನೆಯ ಸಲವೂ ಕರೆದರು. ನಾನು ಮೆಟ್ಟಿಲು ಇಳಿದು ಕೋಣೆಗೆ ಬಂದುಬಿಟ್ಟೆ. ಆಮೇಲೆ ತರಗತಿಗೆ ಹೋಗಲಿಲ್ಲ. ಪರೀಕ್ಷೆ ಇದ್ದದ್ದು ಗುರುವಾರ, ಅವತ್ತು ನಾನು ನಿಮ್ಮ ಮನೆಯಲ್ಲಿದ್ದೆ. ಕೋರ್ಸ್‌ವರ್ಕ್ ಮುಗಿಸಿ ಬಂದಿದ್ದೇನೆಂದೇ ಇಲ್ಲಿ ಎಲ್ಲರೂ ತಿಳಿದಿದ್ದಾರೆ. ಅಪ್ಪ ಈಗಲೂ ಅಂಗಡಿಯಲ್ಲಿ ಯಾರಿಗಾದರೂ ಹೇಳುತ್ತಿರುತ್ತಾರೆ. ಅವರಿಗೆ ನಿಜ ತಿಳಿಸಬೇಕು, ಒಬ್ಬಳೇ ನನ್ನಿಂದಾಗದು. ಭಾನುವಾರ ನಿನಗೆ ರಜೆಯಲ್ಲವೇ? ಬೆಳಗಿನ ಬಸ್ಸಿಗೆ ಬರುತ್ತೀಯಾ? ನೀನೇನೂ ಮಾತಾಡಬೇಕಿಲ್ಲ. ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲಿ ಕೂತಿದ್ದರೆ ಸಾಕು.