ಅತ್ತೆಯ ಎಡಭುಜ

ನವೆಂಬರ್ 3, ಸಂಜೆ
ಇವತ್ತೂ ಗೆರೆ ಎಳೆದು ಅಳಿಸಿದೆ. ಭುಜ, ಬಗಲು, ಕಾಲರ್ — ಸೀಮೆಸುಣ್ಣದಲ್ಲಿ ಎಲ್ಲ ಸರಿ. ಕತ್ತರಿ ಮಾತ್ರ ಎತ್ತಿಕೊಂಡು ಮತ್ತೆ ಕೆಳಗಿಡುತ್ತೇನೆ. ಇಷ್ಟು ವರ್ಷ ಮೆಷಿನ್ ತುಳಿದವಳು ನಾನು. ತಪ್ಪು ಹೊಲಿಗೆ ಬಿಚ್ಚಬಹುದು, ತಪ್ಪಾಗಿ ಕತ್ತರಿಸಿದ್ದನ್ನು ಏನು ಮಾಡುವುದು? "ಒಂದು ಕೋಟು ನೀನೇ ಕಟ್ ಮಾಡಿ ತೋರ್ಸು, ಕಟಿಂಗ್ ಟೇಬಲ್ ನಿಂದೇ" ಅಂದಿದ್ದಾರೆ ಅಂಗಡಿಯ ಮಾಸ್ಟರ್. ನಾಳೆ ಖಂಡಿತ. ನಾಳೆ ಎಂದವರ ಮನೆ ಹಾಳು ಅಂತಾರೆ... ಇರಲಿ.

ನವೆಂಬರ್ 7
ಅತ್ತೆ ಕೇಳಿದರು, "ಕಟಿಂಗ್ ಆಯ್ತೇನಮ್ಮ?"
"ಆಯ್ತು ಅತ್ತೆ, ಮಾಸ್ಟರ್ ಒಪ್ಕೊಂಡ್ರು" ಅಂದುಬಿಟ್ಟೆ. ಹೇಗೂ ಆಗುವುದೇ ತಾನೆ, ಸ್ವಲ್ಪ ಮುಂಚೆ ಹೇಳಿದೆ ಅಷ್ಟೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

ನವೆಂಬರ್ 8
ಅತ್ತೆ ಟ್ರಂಕಿನಿಂದ ಉಣ್ಣೆ ಬಟ್ಟೆ ತೆಗೆದರು. ಮಾವ ತೀರಿಹೋಗುವ ಮುಂಚೆ ತಂದದ್ದು. "ನಂಗೊಂದ್ ಕೋಟು ನಿನ್ ಕೈಯಿಂದ್ಲೇ ಆಗ್ಲಿ ಅಂತ ಇಟ್ಟಿದ್ದೆ." ನಾನು ಈ ಮನೆಗೆ ಬರುವ ಮೊದಲಿನ ಬಟ್ಟೆ ಅದು! ಆದರೂ ಕಣ್ಣು ತುಂಬಿತು.

ನವೆಂಬರ್ 12
ಕತ್ತರಿಸಲಿಲ್ಲ. ಮಾಸ್ಟರ್ ಹತ್ತಿರ ಹೋಗಿ ಗೋಗರೆದೆ. ಅತ್ತೆಯ ಹಳೇ ಕೋಟು ಅಳತೆಗಿಟ್ಟು ಅವರೇ ಕತ್ತರಿಸಿದರು. "ಹೊಲಿಗೆ ನಿಂದೇ ಅಲ್ವಾ, ಹೋಗ್ಲಿ ಬಿಡು" ಅಂದರು. ಬೈದಿದ್ದರೆ ವಾಸಿಯಿತ್ತು.

ನವೆಂಬರ್ 20
ನಾನು ಹೊಲಿದು ಮುಗಿಸಿದ ಕೋಟನ್ನು ಅತ್ತೆ ಹಾಕಿಕೊಂಡರು. ಎಡಗಡೆ ಸುಕ್ಕುಬಿದ್ದು ಜೋತಿತು. ಮೂಟೆ ಹೊತ್ತೂ ಹೊತ್ತೂ ಅವರ ಎಡಭುಜ ಈಚೆಗೆ ಇಳಿದಿದೆ. ಮಾಸ್ಟರಿಗೆ ಹೇಗೆ ಗೊತ್ತಿರಬೇಕು? ನನಗೆ ಗೊತ್ತಿತ್ತು. ದಿನಾ ಆ ಭುಜಕ್ಕೆ ಔಷಧಿ ತಿಕ್ಕುವವಳು ನಾನೇ.
ಪಕ್ಕದ ಮನೆಯಾಕೆ ನಕ್ಕಳು. ಅತ್ತೆ ನನ್ನನ್ನು ಬಿಟ್ಟುಕೊಡಲಿಲ್ಲ. "ಮೊದಲ್ನೇದು ಕಣೇ, ಭುಜ ಒಂಚೂರು ತಪ್ಪಿದಾಳೆ. ಎರಡ್ನೇದು ನೋಡ್ತಿರು."
ನಾನು ಕತ್ತರಿಸದ ಕೋಟಿಗೆ ನನ್ನನ್ನು ಕ್ಷಮಿಸಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನವೆಂಬರ್ 21, ಬೆಳಿಗ್ಗೆ
ಹಳೇ ಬೆಡ್‌ಶೀಟ್ ಹರಡಿದೆ. ಎಡಭುಜ ಇಳಿಸಿ ಗೆರೆ ಎಳೆದೆ. ಅಳಿಸಲಿಲ್ಲ. ಕತ್ತರಿ ಓಡಿಸಿದೆ. ಬಗಲು ಕೆಟ್ಟಿತು. ಅಳು ಬಂತು. ಇನ್ನೊಂದು ಬೆಡ್‌ಶೀಟ್ ತೆಗೆದೆ.

ನವೆಂಬರ್ 25
ಇವತ್ತು ಕತ್ತರಿಸಿದ್ದು ಪರವಾಗಿಲ್ಲ. ತಾಳೆ ನೋಡಲು ಅತ್ತೆಯನ್ನು ನಿಲ್ಲಿಸಿ ಟೇಪು ಹಿಡಿದೆ. ಒಂದೊಂದು ಭುಜವನ್ನೂ ಬೇರೆ ಬೇರೆ ಅಳೆದೆ.
"ಇಷ್ಟ್ ಚೆನ್ನಾಗಿ ಅಳೀತೀಯ" ಅಂದರು. "ಅವತ್ಯಾಕಮ್ಮ ಅಳತೇನೇ ತಗೊಳ್ಲಿಲ್ಲ?"
ಟೇಪು ಸುತ್ತುತ್ತಾ ಒಳಗೆ ಬಂದುಬಿಟ್ಟೆ. ನಾಳೆ ನಿಜ ಹೇಳುತ್ತೇನೆ ಎಂದು ಬರೆದೆ, ಹೊಡೆದುಹಾಕಿದೆ. ಅತ್ತೆ ಅಡುಗೆಮನೆಯಲ್ಲೇ ಇದ್ದಾರೆ. ಆ ಕೋಟನ್ನೇ ಹಾಕಿಕೊಂಡಿದ್ದಾರೆ. ಇದನ್ನು ಇಲ್ಲಿಗೇ ಬಿಟ್ಟು ಈಗಲೇ ಎದ್ದು ಹೋಗಿ —