ಮನೆಯಲ್ಲಿ ಮಾಡಿದ ಬಂದೂಕು

ಬಂಕಾಪುರ, ಮಂಗಳವಾರ

ಇಮ್ರಾನನಿಗೆ ಸಲಾಂ.

ನಾನು ಶಾಕೀರಾ, ನಿನ್ನ ತಾಯಿ. ನಿನ್ನ ಅಪ್ಪ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಈ ಟ್ರೇಲರ್ ವರ್ಕ್‌ಶಾಪನ್ನು ನಡೆಸಿದವಳು. ನನ್ನನ್ನು ಕೇಳದೆ ಇಲ್ಲಿ ಯಾರೂ ಒಂದು ಬೋಲ್ಟನ್ನೂ ಬಿಗಿಯುವುದಿಲ್ಲ.

ಗೋವಿನಜೋಳಕ್ಕೆ ಕಾಡುಹಂದಿ ನುಗ್ಗುತ್ತವೆಂದು ನೀನು ಬಂದೂಕು ಮಾಡಲು ಹೊರಟಾಗಲೂ ನನ್ನನ್ನು ಕೇಳಿದ್ದೆ. "ಮೊದ್ಲ ಮಾಡು, ಆಮ್ಯಾಲ ನಂಬರ್ ತಗೊಂಡ್ರಾತು" ಅಂದೆ. ನಮ್ಮ ಟ್ರೇಲರ್‌ಗಳನ್ನು ಹಾಗೇ ಅಲ್ಲವೇ, ಕಟ್ಟಿ ಮುಗಿಸಿ ಆರ್‌ಟಿಒ ಪಾಸಿಂಗಿಗೆ ಒಯ್ದು ನಂಬರ್ ಪಡೆಯುವುದು?

ಬಂದೂಕು ಸಿದ್ಧವಾಯಿತೆಂದು ನಿನ್ನೆ ಅದರ ನೋಂದಣಿ ಅರ್ಜಿ ಬರೆಸಲು ಶಿಗ್ಗಾಂವದ ವಕೀಲರ ಬಳಿ ಹೋದೆ. ಅವರು ಪೆನ್ನು ಕೆಳಗಿಟ್ಟರು.

"ಅಮ್ಮಾರ, ಇದೇನ್ ಟ್ರೇಲರ್ ಏನ್ರಿ? ಲೈಸೆನ್ಸ್ ಇಲ್ದ ಮಾಡಿದ್ದ ಅಪರಾಧ ಐತ್ರಿ. ಮಾಡಿದ ಮ್ಯಾಲ ನೋಂದಣಿ ಅನ್ನೂದ ಇಲ್ರಿ. ಮಗಾ ಜೇಲಿಗೆ ಹೋಗ್ತಾನ್ರಿ."

ತಿರುಗಿ ಬರುವಾಗ ಬಸ್ಸು ನಮ್ಮೂರು ದಾಟಿ ಹೋದದ್ದೂ ತಿಳಿಯಲಿಲ್ಲ.

ಫೋನಿನಲ್ಲಿ ವಿಷಯ ಹೇಳಿದರೆ ನೀನು, "ಕೆರಿಗೆ ಒಗದ್ಬಿಡಮ್ಮಾ" ಅಂದು ಫೋನ್ ಬಂದ್ ಮಾಡಿದೆ. ಈಗ ಸವಣೂರಿನ ಮಾವನ ಮನೆಯಲ್ಲಿ ಅಡಗಿ ಕುಳಿತಿದ್ದೀ. ಅದಕ್ಕೇ ನಿನ್ನ ಹೆಂಡತಿಯ ಕೈಯಲ್ಲಿ ಈ ಕಾಗದ ಕಳಿಸಿದ್ದೇನೆ. ಅವಳ ಮೇಲೆ ರೇಗಬೇಡ.

ಕೆರೆಯಲ್ಲಿ ಊರ ಮಕ್ಕಳು ಈಜುತ್ತಾರೆ. ನಾನು ಒಗೆಯಲಿಲ್ಲ.

ನಾಳೆ ಹತ್ತರ ಬಸ್ಸಿಗೆ ಬಾ. ಆಧಾರ್ ಕಾರ್ಡು, ಎರಡು ಜೊತೆ ಬಟ್ಟೆ ತಾ. ವಕೀಲರು ಇಲ್ಲಿನ ಬಸ್ ನಿಲ್ದಾಣದಲ್ಲಿ ಇರುತ್ತಾರೆ.

ಬಂದೂಕನ್ನು ಇಂದು ಬೆಳಿಗ್ಗೆ ನಾನೇ ಠಾಣೆಗೆ ಒಪ್ಪಿಸಿದೆ. ಮಾಡಿದವನು ನನ್ನ ಮಗ, ಮಾಡು ಅಂದವಳು ನಾನು ಎಂದು ಬರೆಸಿ, ಸಹಿ ಹಾಕಿದ್ದೇನೆ.

ನಿನ್ನ ತಾಯಿ,
ಶಾಕೀರಾ